ಗೋಡೆಯ ಮೇಲಿನ ಟಪಾಲು ಡಬ್ಬಿ

ಅಗರಖೇಡ, ಜೂನ್ ೧೯೬೨

ಗೌಡರಿಗೆ ರೋಷನಬಿ ಮಾಡುವ ಸಲಾಮು.

ಚುನಾವಣೆಯಲ್ಲಿ ನಿಮ್ಮ ಪರ ಓಡಾಡಲಿಲ್ಲವೆಂದು, ದಿಲ್ಲಿಯವರೆಗೂ ಹೇಳಿಸಿ, ನನ್ನ ಗಂಡನ ಪೋಸ್ಟ್ ಮಾಸ್ತರ ಕೆಲಸವನ್ನು ನಿಮ್ಮ ಅಳಿಯನಿಗೆ ಕೊಡಿಸಿದಿರಿ. ಆಗಲಿ. ಮುದ್ರೆ, ತಕ್ಕಡಿ, ಕೀಲಿಕೈ ಎಲ್ಲ ಒಪ್ಪಿಸಿದ್ದೇವೆ.

ಆದರೆ ಟಪಾಲು ಡಬ್ಬಿ ಇನ್ನೂ ನಮ್ಮ ಮನೆಯ ಗೋಡೆಯ ಮೇಲೇ ಇದೆ. ಜನ ರೂಢಿಯಂತೆ ಅದಕ್ಕೇ ಕಾಗದ ಹಾಕಲು ಬರುತ್ತಾರೆ. ಇವರು ದಿನವಿಡೀ ಬಾಗಿಲಲ್ಲಿ ಕೂತು, “ಇದರ ಕೀಲಿಕೈ ಈಗ ನನ್ನ ಕಡೆ ಇಲ್ರಿ, ಹೊಸಾ ಮಾಸ್ತರಗ ಒಯ್ದು ಕೊಡ್ರಿ” ಎಂದು ಬಂದವರಿಗೆಲ್ಲ ಕೈಮುಗಿಯುತ್ತಾರೆ.

ದಯವಿಟ್ಟು ಡಬ್ಬಿ ಕೀಳಿಸಿರಿ. ಶುಕ್ರವಾರ ಇವರು ನಮಾಜಿಗೆ ಹೋದಾಗ ಆಳನ್ನು ಕಳಿಸಿರಿ. ಇವರು ಮರಳುವಷ್ಟರಲ್ಲಿ ಗೋಡೆಗೆ ನಾನೇ ಮಣ್ಣು ಮೆತ್ತಿರುತ್ತೇನೆ.

ನಿಮ್ಮೂರ ಸೊಸೆ,
ರೋಷನಬಿ