ಹುಣಸೆ ನೀರು ಬಿಟ್ಟ ಕೇಕು

ಹಿಂದೂಪುರ
೬-೧-೨೦೦೬

ಮಗಳು ಸುಷ್ಮಾಗೆ,

ನಿಮ್ಮವ್ವನ ಆಶೀರ್ವಾದ. ನೀನೂ ಅಳಿಯ ಚಂದ್ರಮೋಹನೂ ಚೆನ್ನಾಗಿದೀರ ಅಂದ್ಕೊಂಡಿದೀನಿ. ಬರೆಯೋದು ತಡ ಆಯ್ತು, ಬೈಬ್ಯಾಡ. ಹೊಸ ಹುಣಸೆ ಮಂಡಿಗೆ ಬಂದ್ಬುಟ್ಟಿದೆ. ಬೀಜ ಬಿಡಿಸಿ ಬಿಡಿಸಿ ಬೆರಳ ಸಂದೆಲ್ಲ ಉರಿ, ಪೆನ್ನು ಹಿಡಿಯಕ್ಕಾಗಲ್ಲ. ಫೋನ್ ಮಾಡಾನ ಅಂದ್ರೆ ನಿಮ್ಮನೆ ಫೋನು ನಡುಮನೇಲಿ, ಎಲ್ರ ಕಿವೀನೂ ಅಲ್ಲೇ. ಕಾಗದ ವಾಸಿ. ನಿಮ್ಮನೇಲಿ ಎಲ್ರೂ ತೆಲುಗು ಓದೋರು, ಕನ್ನಡ ಓದೋಳು ನೀನೊಬ್ಬಳೇ.

ಮೊನ್ನೆ ಫೋನಲ್ಲಿ ಏನಂದೆ? "ಈ ಸಂಕ್ರಾಂತಿಗೆ ಕೇಕು ಕಳಿಸ್ಬ್ಯಾಡಮ್ಮ, ನಮ್ಮತ್ತೆಗೆ ಹಿಡಿಸಲ್ಲ, ಅಂಗಡಿ ಮೈಸೂರುಪಾಕು ಸಾಕು" ಅಂದೆ. ನಾನು ಹೂಂ ಅಂದು ಇಟ್ಟೆ. ಆ ಹೂಂ ಈಗ ವಾಪಸ್ ತಗೊಂಡಿದೀನಿ. ಕೇಕು ಮಾಡೇ ಮಾಡ್ತೀನಿ. ಅದೂ ಇಲ್ಲಲ್ಲ. ಭೋಗಿ ದಿನ ಮೊದಲ ಬಸ್ಸಿಗೆ ಕಲ್ಯಾಣದುರ್ಗಕ್ಕೆ ಬತ್ತೀನಿ, ನಿಮ್ಮಂಗಳದಲ್ಲೇ ಒಲೆ ಹೂಡಿ, ನಿಮ್ಮವರೆಲ್ಲರ ಕಣ್ಣೆದುರಿಗೇ ಬೇಯಿಸ್ತೀನಿ.

ನಿಮ್ಮಪ್ಪನ ಮೂತಿ ನೋಡಬೇಕಿತ್ತು. "ಬೀಗರ ಮನೆ ಕಣೇ! ತಪಲೆ ಹೊತ್ಕೊಂಡು ಹೋಯ್ತೀಯಾ? ಮರ್ಯಾದೆ ಬ್ಯಾಡ್ವಾ?" ಅಂದ. "ತಪಲೆಗೂ ಅರ್ಧ ಟಿಕೆಟ್ ತಗೋತೀನಿ, ನಿನಗೇನು ಕಷ್ಟ?" ಅಂದೆ. ಸಿಡುಕ್ಕೊಂಡು ಹೊರಗೋದ. ಸಂಜೆ ನೋಡಿದ್ರೆ ಮರಳು ಜರಡಿ ಹಿಡಿದು ಚೀಲಕ್ಕೆ ಕಟ್ಟಿ ಬಾಗಿಲ ಹತ್ರ ಇಟ್ಟವನೆ!

ನಿಮ್ಮಜ್ಜಿ ನಾರಮ್ಮ, ಬಿಳೀ ದೊರೆಸಾನಿ ಬಂಗ್ಲೇಲಿ ಪಾತ್ರೆ ತೊಳೀತಿದ್ಲು, ಅದು ನಿನಗೆ ಗೊತ್ತು. ಹಬ್ಬ ಬಂದ್ರೆ ಕೇಕಿನ ಘಮ ಹಿತ್ತಲ ತನಕ ಬತ್ತಿತ್ತಂತೆ, ಒಂದು ತುಂಡು ಮಾತ್ರ ಬತ್ತಿರ್ಲಿಲ್ಲವಂತೆ. "ಕೊಡದಿದ್ರೆ ಕತ್ತೆ ಬಾಲ, ನಾನೇ ಮಾಡ್ಕೋತೀನಿ" ಅಂದ್ಲು ನಮ್ಮವ್ವ. ಕಿಟಕೀಲಿ ಕಂಡಷ್ಟೇ ಕಲಿತದ್ದು. ಬೆಣ್ಣೆ ಮೊಟ್ಟೆ ಎಲ್ಲಿಂದ ತರೋದು? ಗೋಧಿ ಹಿಟ್ಟು, ಬೆಲ್ಲ, ಕಡ್ಲೆಕಾಯಿ ಎಣ್ಣೆ, ಗಟ್ಟಿ ಕಾಫಿ ಡಿಕಾಕ್ಷನ್ನು. ಉಬ್ಬಲಿ ಅಂತ ಚಿಟಿಕೆ ಸೋಡಾ, ಅದರ ಮೇಲೆ ಒಂದು ಚಮಚ ಹುಣಸೆ ನೀರು. ಬುಸ್ ಅಂತ ನೊರೆ ಏಳಬೇಕು. ಮರಳು ತುಂಬಿದ ತಪಲೇಲಿಟ್ಟು, ಮುಚ್ಚಳದ ಮೇಲೆ ಕೆಂಡ. ಶುರೂನಲ್ಲಿ ಎಷ್ಟು ಸೀದು ಹೋಯ್ತೋ! ಆಮೇಲೆ ಪ್ರತಿ ಸಂಕ್ರಾಂತಿಗೂ ನಮ್ಮನೇಲಿ ಎಳ್ಳುಬೆಲ್ಲದ ಜೊತೆ ಅದೇ. ಚಿಕ್ಕೋಳಿದ್ದಾಗ ತಳಕ್ಕೆ ಹತ್ತಿದ ಕರಕಲು ಕೆರೆದು ತಿನ್ನಕ್ಕೆ ನೀನು ಎಷ್ಟು ಜಗಳ ಆಡ್ತಿದ್ದೆ, ಜ್ಞಾಪಕ ಇದೆಯಾ?

ಇದರಲ್ಲಿ ತಲೆ ತಗ್ಗಿಸೋದು ಏನಿದೆ ಕಣಮ್ಮ? ಅವ್ವ ಕದ್ದು ತಂದಿದ್ದಲ್ಲ, ಬೇಡಿ ತಂದಿದ್ದೂ ಅಲ್ಲ. ಬೆಂಕಿ ನಮ್ಮದು, ತಪಲೆ ನಮ್ಮದು. ಯಾರೂ ತಿನ್ನದಿದ್ರೆ ನಿಮ್ಮ ಜಗುಲಿ ಮೇಲೆ ನಾನೊಬ್ಬಳೇ ಕೂತು, ಕಾಫಿ ಕುಡ್ಕೊಂಡು, ಪೂರಾ ತಿಂದು ಬತ್ತೀನಿ.

ನಿನ್ನ ಒಲೆ ಯಾವತ್ತೂ ಉರೀತಿರಲಿ, ನಿನ್ನ ಕೈ ಅಡುಗೆ ಉಂಡೋರು ನಿನ್ನ ಹೆಸರು ಹೇಳಲಿ. ಅಳಿಯನಿಗೆ ಕೇಳಿದೆ ಅಂತ ಹೇಳು.

ಇಂತಿ ನಿನ್ನ ಹೆತ್ತವಳು,
ಗಂಗಕ್ಕ

ಮತ್ತೆ: ಇದನ್ನ ಬರೀಬಾರದು ಅಂದ್ಕೊಂಡಿದ್ದೆ, ಆಗಲಿಲ್ಲ. ಕಾರ್ತೀಕದಲ್ಲಿ ರೊದ್ದಂ ಊರಿನ ಮದುವೇಲಿ ನಿಮ್ಮತ್ತೆ ವರಲಕ್ಷ್ಮಮ್ಮ ಸಿಕ್ಕಿದ್ರು. ಊಟಕ್ಕೆ ಪಕ್ಕದಲ್ಲೇ ಕೂರಿಸ್ಕೊಂಡು, "ವದಿನಾ, ನೀನು ಹಬ್ಬಕ್ಕೆ ಕಳಿಸೋ ಕೇಕು ಎಂತ ಬಾಗುಂಟುಂದಿ, ಎಷ್ಟು ಚೆನ್ನಾಗಿರ್ತದೆ! ಆ ಸಣ್ಣ ಹುಳಿ ಬೇರೆ ಯಾವ ಕೇಕಲ್ಲೂ ಇಲ್ಲ. ಹಿಂದೂಪುರದ ಬೇಕರೀದು ಅಂತಾಳೆ ಸುಷ್ಮಾ, ಹೆಸರು ಕೇಳಿದ್ರೆ ಮರೆತೆ ಅಂತಾಳೆ. ಯಾವ ಬೇಕರಿ ಚೆಪ್ಪು, ನೀನಾದ್ರೂ ಹೇಳು, ನಾವೇ ತರಿಸ್ಕೋತೀವಿ" ಅಂದ್ರು.

ನಿನ್ನ ಮಾತು ಬೀಳಬಾರದು ಅಂತ ನಕ್ಕು, ಅವರೆಲೆಗೆ ಇನ್ನೊಂದು ಹೋಳಿಗೆ ಹಾಕಿಸಿದೆ ಕಣಮ್ಮ. "ಮಂಡೀಲಿ ಕೂಲಿ ಮಾಡೋ ನಮ್ಮವ್ವ ಮಾಡಿದ್ದು" ಅನ್ನಕ್ಕೆ ಅಷ್ಟು ನಾಚಿಕೆ ಆಯ್ತಾ ನಿನಗೆ? ಹಬ್ಬದಲ್ಲಿ ಅವರು ಮತ್ತೆ ಕೇಳೇ ಕೇಳ್ತಾರೆ. ನಾನು ನಿಮ್ಮಂಗಳದಲ್ಲಿ ಕೆಂಡ ಊದ್ತಾ ಕೂತಿರ್ತೀನಿ, ಒಂದು ಮಾತೂ ಆಡಲ್ಲ. ಯಾವ ಬೇಕರಿ ಅಂತ ನೀನೇ ಹೇಳು.