ಆ ಪ್ರಶಸ್ತಿಪತ್ರವನ್ನು ನೀವೇ ಬಂದು ಕೊಂಡೊಯ್ಯಿರಿ

ಶಾಲಾ ಆಡಳಿತ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನನ್ನ ಹೆಂಡತಿ ಜರ್ಟ್ರೂಡ್ ತನ್ನ ಮಗಳೊಂದಿಗೆ ಮಾತು ಬಿಟ್ಟಿದ್ದಾಳೆ. ಅದಕ್ಕೆ ನಿಮ್ಮ ಶಾಲೆ ಕಾರಣ, ನಾನೂ ಕಾರಣ. ನನ್ನ ಪಾಲಿನ ತಪ್ಪನ್ನು ಒಪ್ಪಿಕೊಂಡಾಗಿದೆ. ನಿಮ್ಮ ಪಾಲಿನದನ್ನು ನಿಮ್ಮ ಮುಂದಿಡಲು ಈ ಪತ್ರ. ಕನ್ನಡದಲ್ಲಿ ಬರೆದಿದ್ದೇನೆಂದು ಹುಬ್ಬೇರಿಸಬೇಡಿ. ನೀವೂ ಉಡುಪಿ ಕಡೆಯವರು, ಕನ್ನಡ ಶಾಲೆಯಲ್ಲಿ ಕಲಿತವರು, ಮನೆಯಲ್ಲಿ ನಮ್ಮ ಹಾಗೆಯೇ ಕೊಂಕಣಿ ಆಡುವವರು. ಕಳೆದ ನವೆಂಬರಿನಲ್ಲಿ ದೋಹಾದ ರಾಜ್ಯೋತ್ಸವದ ವೇದಿಕೆಯಲ್ಲಿ ತಾಯಿನುಡಿಯ ಬಗ್ಗೆ ನಲವತ್ತು ನಿಮಿಷ ಮಾತನಾಡಿ ಕಣ್ಣೊರೆಸಿಕೊಂಡವರು. ಮೂರನೆಯ ಸಾಲಿನಲ್ಲಿ ಕುಳಿತು ನಾನೂ ಚಪ್ಪಾಳೆ ತಟ್ಟಿದ್ದೆ.

2005ರಲ್ಲಿ ನೀವು ಎಂಟನೆಯ ತರಗತಿಯಿಂದ ಜರ್ಮನ್-ಇಂಗ್ಲಿಷ್ ದ್ವಿಭಾಷಾ ವಿಭಾಗ ತೆರೆದಿರಿ. ಜೀವಶಾಸ್ತ್ರ, ಭೂಗೋಳ ಜರ್ಮನ್‌ನಲ್ಲಿ, ಉಳಿದದ್ದು ಇಂಗ್ಲಿಷಿನಲ್ಲಿ. ಇಲ್ಲಿ ದೋಹಾದ ವೆಸ್ಟ್ ಬೇಯ ಆಫೀಸೊಂದರಲ್ಲಿ ಫೈಲು ಜೋಡಿಸುವ ನನ್ನಂಥವನಿಗೆ ಮಗಳು ಮೆಲನಿ ಜರ್ಮನಿಗೆ ಹೋಗಿ ಡಾಕ್ಟರಾಗುವುದು ಆಗಲೇ ಕಣ್ಣಮುಂದೆ ಬಂತು. ಪೋಷಕರ ಸಭೆಯಲ್ಲಿ ನೀವು ಒಂದು ನಿಯಮ ಹೇಳಿದಿರಿ: ಮಕ್ಕಳಿಗೆ ಗೊಂದಲವಾಗಬಾರದು, ಆದ್ದರಿಂದ ಮನೆಯಲ್ಲಿ ಈ ಎರಡರ ಹೊರತು ಬೇರೆ ಭಾಷೆ ಕೇಳಿಸಬಾರದು. ಅದಕ್ಕೊಂದು ಡೈರಿ ಬಂತು. ಇಂಗ್ಲಿಷ್, ಜರ್ಮನ್, ಇತರೆ ಎಂದು ಮೂರು ಕಾಲಮ್. ಮನೆಯಲ್ಲಿ ಯಾರೇ ಬೇರೆ ಭಾಷೆ ಆಡಿದರೂ ಮಗು ‘ಇತರೆ’ಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯಬೇಕು. ಶನಿವಾರ ಸಂಜೆ ತಂದೆ ಸಹಿ ಹಾಕಬೇಕು. ಗೆರೆ ಹೆಚ್ಚಿದಷ್ಟೂ ಮಗುವಿನ ಅಂಕ ಕಡಿಮೆ.

ಹೆತ್ತವಳ ಬಾಯಿಗೆ ಮಗಳನ್ನೇ ಕಾವಲು ಕೂರಿಸುವ ಈ ಉಪಾಯ ಯಾವ ಶಿಕ್ಷಣತಜ್ಞರದ್ದು, ಸ್ವಾಮಿ? ಜರ್ಟ್ರೂಡ್ ಕನ್ನಡದಲ್ಲಿ ಏಳನೆಯವರೆಗೆ ಓದಿದವಳು. ಇನ್ನೊಂದು ಸೌಟು ಸಾರು ಹಾಕಲೇ ಎಂದು ಕೇಳಿದರೂ ಅವಳಿಗೆ ಒಂದು ಗೆರೆ. ಸಂಜೆಯ ಜಪಸರ ಪ್ರಾರ್ಥನೆ ‘ಇತರೆ’ಗೆ ಸೇರುತ್ತದೆಯೇ ಎಂದು ನಾನೇ, ಹೌದು ನಾನೇ, ಶಾಲೆಗೆ ಫೋನ್ ಮಾಡಿ ವಿಚಾರಿಸಿದೆ. ಇಂಗ್ಲಿಷಿನಲ್ಲೂ ಪ್ರಾರ್ಥನೆ ಇದೆಯಲ್ಲ ಎಂಬ ಉತ್ತರ ಬಂತು. ದೇವರಿಗೆ ಕೊಂಕಣಿ ಬರುತ್ತದೆ ಎಂದು ನನಗೆ ಆಗ ಹೊಳೆಯಲಿಲ್ಲ. ಅಂದಿನಿಂದ ಅವಳು ಬರೀ ಮಣಿ ಸರಿಸುತ್ತಾ ಕೂರುತ್ತಿದ್ದಳು. ಕೆಲವೇ ತಿಂಗಳಲ್ಲಿ ‘ಇತರೆ’ ಖಾಲಿಯಾಯಿತು. ಶಾಲೆಯ ವಾರ್ಷಿಕೋತ್ಸವದಲ್ಲಿ ನೀವೇ ಜರ್ಟ್ರೂಡಳನ್ನು ವೇದಿಕೆಗೆ ಕರೆದು ‘ಅತ್ಯುತ್ತಮ ಸಹಕಾರ ನೀಡಿದ ಮನೆ’ ಎಂಬ ಪ್ರಶಸ್ತಿಪತ್ರ ಕೊಟ್ಟಿರಿ. ಅದು ನಮ್ಮ ಅಲ್ ಅಜೀಜಿಯಾದ ಮನೆಯ ಗೋಡೆಯಲ್ಲಿ, ಯೇಸುವಿನ ಪಟದ ಪಕ್ಕದಲ್ಲೇ ಇದೆ.

ಈ ಮಾರ್ಚಿನ ಒಂದು ಶನಿವಾರ ನಾನು ಆಫೀಸಿನಲ್ಲಿದ್ದೆ. ಮೆಲನಿ ಊಟದ ಮೇಜಿನಲ್ಲಿ ಪರೀಕ್ಷೆಗೆ ಓದುತ್ತಿದ್ದಳು. ಪಕ್ಕದಲ್ಲಿ ಡೈರಿ. ಬೆಳಗ್ಗೆ ಜರ್ಟ್ರೂಡ್ ಹೊಟ್ಟೆ ಹಿಡಿದುಕೊಂಡು ಬಂದು ಕೊಂಕಣಿಯಲ್ಲಿ ಏನೋ ಶುರುಮಾಡಿದಳು. ಮಗಳು ತಲೆ ಎತ್ತದೆ, “ಮಮ್ಮಾ, ಇಂಗ್ಲಿಷ್ ಪ್ಲೀಸ್. ಟುಡೇ ಡ್ಯಾಡಿ ಹ್ಯಾಸ್ ಟು ಸೈನ್,” ಎಂದಳಂತೆ. ಜರ್ಟ್ರೂಡ್ “ಲಿಟಲ್ ಪೇನ್. ಓಕೆ,” ಎಂದು ಒಳಗೆ ಹೋಗಿ ಮಲಗಿದಳು. ನೋವನ್ನು ಹೇಳಲು ಅವಳ ಬಳಿ ಇದ್ದ ಇಂಗ್ಲಿಷ್ ಅಷ್ಟೇ. ಆ ಹೊತ್ತಿಗೆ ಮಗಳು ಓದುತ್ತಿದ್ದುದು ಜೀರ್ಣಾಂಗಗಳ ಪಾಠ. ಕರುಳಿನ ಒಂದೊಂದು ಭಾಗದ ಜರ್ಮನ್ ಹೆಸರೂ ಅವಳಿಗೆ ಬಾಯಿಪಾಠ. ಸಂಜೆ ಪಕ್ಕದ ಮನೆಯ, ನಮ್ಮೂರ ಕಡೆಯವರೇ ಆದ ಝೈನಬ ಪಾತ್ರೆ ಹಿಂದಿರುಗಿಸಲು ಬಂದವರು ಮಲಗಿದ್ದವಳನ್ನು ತುಳುವಿನಲ್ಲಿ ಮಾತನಾಡಿಸಿದಾಗಲೇ ಜೀವ ಹೋಗುವಂಥ ನೋವೆಂದು ಗೊತ್ತಾದದ್ದು. ಆಸ್ಪತ್ರೆಗೆ ಮುಟ್ಟುವಾಗ ಅಪೆಂಡಿಕ್ಸ್ ಒಡೆದಿತ್ತು.

ಬದುಕಿಕೊಂಡಳು. ಹದಿನೇಳು ದಿನ ಆಸ್ಪತ್ರೆಯಲ್ಲಿದ್ದಳು. ಆಪರೇಷನ್ ಮುಗಿದು ಕಣ್ಣು ಬಿಟ್ಟಾಗ ಎದುರಿಗಿದ್ದ ಮಗಳನ್ನು ನೋಡಿ ಅವಳ ಮೊದಲ ಮಾತು, “ಐ ಆಮ್ ಫೈನ್, ಥ್ಯಾಂಕ್ಯೂ.” ಹದಿನಾಲ್ಕು ವರ್ಷದ ಹುಡುಗಿ ಆ ಒಂದು ವಾಕ್ಯವನ್ನು ಎಷ್ಟು ವರ್ಷ ಹೊತ್ತು ತಿರುಗಬೇಕು, ಹೇಳಿ.

ನನಗೆ ಜರ್ಮನ್ ಭಾಷೆಯ ಮೇಲೆ ಸಿಟ್ಟಿಲ್ಲ. ನಿಮ್ಮ ಜರ್ಮನ್ ಶಿಕ್ಷಕಿ ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಬಂದಿದ್ದರು. ಡೈರಿ ಶಾಲೆಯ ಆಫೀಸಿಗೆ ಹೋಗುತ್ತಿತ್ತೇ ಹೊರತು ಅವರ ಕೈಗಲ್ಲ; ಅದರ ಕಥೆ ಕೇಳಿ ಬೆಚ್ಚಿದರು. ತಮ್ಮ ತಾಯಿಯೊಂದಿಗೆ ತಾವು ಇಂದಿಗೂ ತಮ್ಮ ಹಳ್ಳಿಯ ಮಾತನ್ನೇ ಆಡುವುದೆಂದೂ, ಇಂಥ ನಿಯಮವನ್ನು ತಾವು ಕೇಳಿಯೇ ಇಲ್ಲವೆಂದೂ ಹೇಳಿದರು. ಹಾಗಾದರೆ ಅದು ಯಾರ ತಲೆಯಲ್ಲಿ ಹುಟ್ಟಿತು? ಜರ್ಮನಿಯಿಂದ ಬಂದವರಿಗೆ ಬೇಡವಾದ ನಿಯಮ ಉಡುಪಿಯಿಂದ ಬಂದವರಿಗೆ ಏಕೆ ಬೇಕಾಯಿತು?

ಏಪ್ರಿಲಿನಲ್ಲಿ ಆ ಶಿಕ್ಷಕಿಯ ಒಪ್ಪಂದ ಮುಗಿಯಿತು. ನೀವು ವಿಭಾಗವನ್ನೇ ಮುಚ್ಚಿದಿರಿ. ನಾಲ್ಕು ಸಾಲಿನ ಸರ್ಕ್ಯುಲರ್ ಬಂತು. ಡೈರಿಯ ಸುದ್ದಿಯೇ ಅದರಲ್ಲಿಲ್ಲ. ನಾನು ಫೋನ್ ಮಾಡಿದಾಗ ನೀವು ಅಚ್ಚ ಕೊಂಕಣಿಯಲ್ಲಿ ಹೇಳಿದ್ದು ಇಷ್ಟೇ: “ಅದೆಲ್ಲ ಖಲಾಸ್ ಆಯ್ತಲ್ಲ ಕಜೆತಾನ್. ನಿಮ್ಮ ಹುಡುಗಿಗೆ ಬೇರೆ ಸೆಕ್ಷನ್‌ನಲ್ಲಿ ಸೀಟು ಕೊಟ್ಟಿದ್ದೇವೆ. ಇನ್ನೆಂತ ಬೇಕು ಮಾರಾಯ್ರೆ?”

ಏನು ಬೇಕೆಂದು ಹೇಳುತ್ತೇನೆ. ಡೈರಿಗಳನ್ನು ಮೆಲನಿ ತಾನೇ ಹರಿದು ಹಾಕಿದ್ದಾಳೆ. ಅಮ್ಮನ ಹತ್ತಿರ ಕುಳಿತು ಎರಡು ವರ್ಷ ಆಡದೆ ತೊಡರುವ ಕೊಂಕಣಿಯಲ್ಲಿ ಮಾತು ಎಳೆಯುತ್ತಾಳೆ. ಜರ್ಟ್ರೂಡ್ ನಕ್ಕು “ಓಕೆ” ಅನ್ನುತ್ತಾಳೆ, ಅಷ್ಟೇ. ನಿಯಮ ಮುಗಿಯಿತೆಂದರೆ, ಸಹಿ ಹಾಕಿದವನ ಮಾತನ್ನು ಅವಳು ನಂಬುವುದಿಲ್ಲ. ನಿಯಮ ಮಾಡಿದವರೇ ಬಂದು ಹೇಳಿದರೆ ನಂಬಬಹುದು. ಆದ್ದರಿಂದ ನೀವು ಒಂದು ಶುಕ್ರವಾರ ನಮ್ಮ ಮನೆಗೆ ಬರಬೇಕು. ಗೋಡೆಯ ಮೇಲಿನ ಪ್ರಶಸ್ತಿಪತ್ರವನ್ನು ನಿಮ್ಮ ಕೈಯಿಂದಲೇ ಇಳಿಸಬೇಕು. ಆಮೇಲೆ ಜರ್ಟ್ರೂಡಳ ಎದುರು ಕುಳಿತು, ಊಟವಾಯಿತೇ ಎಂದು ಕೊಂಕಣಿಯಲ್ಲಿ ಕೇಳಬೇಕು. ಉತ್ತರ ಕೊಡುವ ಮೊದಲು ಅವಳು ಮಗಳ ಕೈಯಲ್ಲಿ ಪೆನ್ಸಿಲ್ ಇದೆಯೇ ಎಂದು ನೋಡುತ್ತಾಳೆ. ಅದನ್ನು ನೀವು ಕಣ್ಣಾರೆ ನೋಡಬೇಕು.

ಇಂತಿ,
ಪ್ರತಿ ಶನಿವಾರ ತಪ್ಪದೆ ಸಹಿ ಹಾಕಿದ,
ಕಜೆತಾನ್
ಅಲ್ ಅಜೀಜಿಯಾ, ಮೇ 2007