ಕೆಳಗೆ ಹಗ್ಗ ಹಿಡಿದವನು

ಮನೆಯಿಂದ,
ತಾರೀಖು ಹದಿನಾಲ್ಕು, ಶನಿವಾರ ಮಧ್ಯಾಹ್ನ

ಮಕ್ಕಳ ಅಪ್ಪನಿಗೆ,

ಕಾಲಿನ ಊತ ಇಳಿಯಿತೇ? ನಿದ್ದೆ ಬರುತ್ತಿದೆಯೇ? ಪಕ್ಕದ ಮಂಚದವರ ಗೊರಕೆಯ ಬಗ್ಗೆ ನರ್ಸಮ್ಮನಿಗೆ ದೂರು ಹೇಳಿದಿರಂತೆ. ಹದಿನಾರು ವರ್ಷ ನಿಮ್ಮ ಗೊರಕೆ ಕೇಳಿಕೊಂಡು ನಾನು ಯಾರಿಗೆ ದೂರು ಹೇಳಿದೆ? ಇರಲಿ, ಮಾತ್ರೆಗಳನ್ನು ದಿಂಬಿನಡಿ ಸೇರಿಸದೆ ನುಂಗಿ. ಇಲ್ಲಿ ಹೇಗೋ ದಿನ ನೂಕುತ್ತಿದ್ದೇವೆ. ಅತ್ತೆಯ ಮಂಡಿ ನೋವು ಹಾಗೇ ಇದೆ, ಬಾಯಿ ಮಾತ್ರ ಚುರುಕಾಗಿದೆ. ದೊಡ್ಡವಳು ಗಣಿತದಲ್ಲಿ ಪಾಸಾದಳು. ಚಿಕ್ಕವಳಿಗೆ ಮುಂದಿನ ಹಲ್ಲು ಬಿದ್ದಿದೆ, ನಿಮಗೆ ತೋರಿಸಬೇಕೆಂದು ಡಬ್ಬಿಯಲ್ಲಿಟ್ಟಿದ್ದಾಳೆ. ನನಗಂತೂ ಸಾಕುಸಾಕಾಗಿ ಹೋಗಿದೆ. ನಿಮಗಲ್ಲದೆ ಇನ್ನಾರಿಗೆ ಹೇಳಲಿ.

ಬೇರೆಯವರ ಬಾಯಿಂದ ಕೇಳುವ ಮೊದಲು ಒಂದು ಸುದ್ದಿ ನಾನೇ ಹೇಳಿಬಿಡುತ್ತೇನೆ. ಕೂಗಾಡಬೇಡಿ, ಅದು ಆಸ್ಪತ್ರೆ. ಎರಡು ವಾರದಿಂದ ನಾನು ಲಾರಿಯ ಲೋಡಿನ ಮೇಲೆ ಹತ್ತುತ್ತಿದ್ದೇನೆ. ಇಷ್ಟು ದಿನ ಶೆಡ್ಡಿನ ಮೂಲೆಯಲ್ಲಿ ಕೂತು ಹರಿದ ತಾಡಪಾಲಿಗೆ ತೇಪೆ ಹಾಕುತ್ತಿದ್ದವಳು ಈಗ ನಿಮ್ಮ ಹಳೆಯ ಪ್ಯಾಂಟು ತೊಟ್ಟು ಆ ತಾಡಪಾಲನ್ನೇ ಮೂಟೆಗಳ ಮೇಲೆ ಹಾಸುತ್ತೇನೆ. ಮೊದಲ ದಿನ ಮೇಸ್ತ್ರಿ ನೋಡಿ, "ಏನಮ್ಮಾ, ಮೇಲಿಂದ ಊರೆಲ್ಲಾ ಕಾಣುತ್ತಾ?" ಎಂದು ನಕ್ಕ. ಊರೆಲ್ಲಿ ಕಾಣಬೇಕು, ಗಾಳಿಗೆ ತಾಡಪಾಲು ಎದ್ದು ಮುಖಕ್ಕೇ ಬಡಿಯುತ್ತದೆ. ಅಂಚು ಮಡಚಿ ಮೊಣಕಾಲಲ್ಲಿ ಅದುಮಿ, ಹಗ್ಗವನ್ನು ಆಚೆಗೆ ಎಸೆದು, ಕೆಳಗಿನವನು ಅದನ್ನು ಕೊಕ್ಕೆಗೆ ಸುತ್ತಿ ಹಿಡಿದ ಮೇಲೆ, ಮೈಭಾರವನ್ನೆಲ್ಲ ಹಿಂದಕ್ಕೆ ಬಿಟ್ಟು ಎಳೆಯಬೇಕು. ಆಗ ಮೇಲಿನವರ ಜೀವ ಕೆಳಗಿನವನ ಕೈಯಲ್ಲಿ. ಇದನ್ನು ನಿಮಗೆ ನಾನು ಹೇಳಬೇಕೇ? ಸಂಜೆಗೆ ಅಂಗೈ ಉರಿದು ತಟ್ಟೆ ಹಿಡಿಯಲೂ ಆಗುವುದಿಲ್ಲ, ಪಾತ್ರೆಗಳನ್ನೆಲ್ಲ ದೊಡ್ಡವಳೇ ತೊಳೆಯುತ್ತಾಳೆ.

ಯಾಕೆ ಹತ್ತಿದೆ ಎನ್ನುತ್ತೀರಿ. ನಿಮ್ಮ ತಮ್ಮ ಕೆಳಗೆ ಹಿಡಿದರೆ ಬೇರೆ ಯಾರೂ ಮೇಲೆ ಹತ್ತುವುದಿಲ್ಲ, ಅದಕ್ಕೆ. ಲೋಡಿನ ಮೇಲಿಂದ ಬಿದ್ದ ದಿನ ನೋವಿನಲ್ಲಿ ನೀವು ಎಲ್ಲರೆದುರು, "ಇವ್ನು ಹಗ್ಗ ಬಿಟ್ಬಿಟ್ಟ, ಇನ್ಮೇಲೆ ಇವನ ಮುಖ ನೋಡಲ್ಲ" ಎಂದಿರಿ. ಆ ಮಾತು ಯಾರ್ಡಿನಲ್ಲಿ ಬೇರು ಬಿಟ್ಟಿದೆ. ಅವನು ಎದ್ದು ಬಂದರೆ ಒಬ್ಬನಿಗೆ ಚಹಾ ನೆನಪಾಗುತ್ತದೆ, ಇನ್ನೊಬ್ಬನಿಗೆ ಸೊಂಟ ಹಿಡಿದುಕೊಳ್ಳುತ್ತದೆ. ಹನ್ನೊಂದು ವರ್ಷ ನಿಮ್ಮ ಜೋಡಿಯಾಗಿ ಲೋಡು ಕಟ್ಟಿದವನು ದಿನವಿಡೀ ಗೋಡೆಗೆ ಒರಗಿ ಕೂತಿರುತ್ತಿದ್ದ. ಈ ಕೆಲಸ ಬಿಟ್ಟರೆ ಅವನಿಗೆ ಇನ್ನೊಂದು ಬರದು. ತಿಂಗಳ ಕೊನೆಯೊಳಗೆ ಜೋಡಿ ಸಿಗದಿದ್ದರೆ ಬೇರೆ ಕಡೆ ನೋಡಿಕೋ ಎಂದು ಮೇಸ್ತ್ರಿ ಕಡ್ಡಿ ಮುರಿದಂತೆ ಹೇಳಿಬಿಟ್ಟ. ನನಗೆ ತಡೆಯಲಾಗಲಿಲ್ಲ, ಹತ್ತಿದೆ. ಈ ಎರಡು ವಾರದಲ್ಲಿ ಒಮ್ಮೆಯೂ ಹಗ್ಗ ಒಂದು ಬೆರಳಷ್ಟು ಜಾರಿಲ್ಲ. "ಅತ್ತಿಗೆ, ಅಂಚಿಗೆ ಹೋಗ್ಬೇಡಿ" ಎಂದು ಹೇಳಿ ಹೇಳಿ ಅವನ ಗಂಟಲು ಕಟ್ಟಿದೆ. ಆದರೂ ಉಳಿದವರು ನಂಬುವುದಿಲ್ಲ. ಮನೆಯವಳು, ಹತ್ತದೆ ಏನು ಮಾಡುತ್ತಾಳೆ ಎನ್ನುತ್ತಾರೆ. ಅವನು ದಿನಾ ಸಂಜೆ ಹೊಸ್ತಿಲಾಚೆ ನಿಂತು ಅಣ್ಣನ ಕಾಲು ಹೇಗಿದೆ ಎಂದು ಕೇಳಿಕೊಂಡು ಹೋಗುತ್ತಾನೆ, ಒಳಗೆ ಬಾ ಎಂದರೆ ಬರುವುದಿಲ್ಲ.

ಯಾರನ್ನಾದರೂ ಹಿಡಿದುಕೊಳ್ಳದೆ ಬಚ್ಚಲಿಗೆ ಹೋಗಬೇಡಿ. ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ಜೊತೆಗೆ ಎರಡು ಬೈಗುಳವೂ ಇತ್ತು, ಅದನ್ನು ಬಂದ ಮೇಲೆ ಕೇಳಿಸಿಕೊಳ್ಳಿ. ಮಕ್ಕಳು ಮುತ್ತು ಕಳಿಸಿದ್ದಾರೆ.

ನೀವು ಬೇಗ ನಿಮ್ಮ ಕಾಲ ಮೇಲೆ ನಡೆದು ಬರಲೆಂದು ದಿನವೂ ಬೇಡುವ,
ನಿಮ್ಮವಳು

ತಾ.ಕ.: ಪತ್ರ ಒಯ್ಯುವ ಡ್ರೈವರಣ್ಣ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಇದನ್ನು ಬರೆಯದೆ ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ. ನಿಮ್ಮ ತಮ್ಮ ಹಗ್ಗ ಬಿಡಲಿಲ್ಲ. ನೀವು ಬೀಳುವ ಹಿಂದಿನ ದಿನ ಬಟ್ಟೆ ಒಣಹಾಕಲೆಂದು ನಿಮ್ಮ ಹಗ್ಗದ ತುದಿಯಿಂದ ಎರಡು ಮಾರು ಕೊಯ್ದುಕೊಂಡೆ. ಗಿಡ್ಡವಾಯಿತೆಂದು ಬೈಯುತ್ತೀರೆಂದು ಹೆದರಿ, ಹಳೆಯ ತುಂಡೊಂದನ್ನು ಗಂಟು ಹಾಕಿ ಸೇರಿಸಿ, ಗಂಟು ಕಾಣದಂತೆ ಸುತ್ತಿಟ್ಟೆ. ಬಿಚ್ಚಿಕೊಂಡದ್ದು ನನ್ನ ಗಂಟು. ಆ ತುಂಡು ಅವನ ಕೈಯಲ್ಲೇ ಉಳಿದಿತ್ತು, ಅದು ನಮ್ಮ ಮನೆಯದೆಂದು ಅವನಿಗೆ ಗುರುತು ಸಿಕ್ಕಿತು. ಎಲ್ಲರೂ ನಿಮ್ಮನ್ನು ಎತ್ತುವ ಗಡಿಬಿಡಿಯಲ್ಲಿದ್ದಾಗ ಅದನ್ನು ತನ್ನ ಚೀಲಕ್ಕೆ ತುರುಕಿಕೊಂಡು, ಸಂಜೆ ತಂದು ನನಗೆ ಕೊಟ್ಟು, "ಅತ್ತಿಗೆ, ಒಲೆಗೆ ಹಾಕ್ಬಿಡಿ" ಅಂದ. ನಿಮ್ಮ ಬೈಗುಳ ತಾನು ತಿಂದು ಇಂದಿನವರೆಗೆ ತುಟಿ ಬಿಚ್ಚಿಲ್ಲ. ನನಗೂ ಒಂದು ತಿಂಗಳು ಬಾಯಿ ಬರಲಿಲ್ಲ. ಆ ತುಂಡನ್ನು ನಾನು ಒಲೆಗೆ ಹಾಕಿಲ್ಲ. ಈ ಪತ್ರ ನಿಮ್ಮ ಕೈ ಸೇರುವ ಹೊತ್ತಿಗೆ ಅದನ್ನು ಯಾರ್ಡಿನಲ್ಲಿ ಎಲ್ಲರ ಮುಂದೆ ಇಟ್ಟಿರುತ್ತೇನೆ.